ತೆಂಗಿನ ಸೀಮೆ ಮತ್ತು ಬ್ಯಾಕ್ಟೀರಿಯಾ ಪ್ಲಾಸ್ಟಿಕ್

ಬ್ಯಾಕ್ಟೀರಿಯಾ ಪ್ಲಾಸ್ಟಿಕ್: ಕೆಲವು ಬಗೆಯ ಬ್ಯಾಕ್ಟೀರಿಯಾಗಳು ತಮ್ಮ ಜೀವಕೋಶದೊಳಗೆ ಆಹಾರದ ದಾಸ್ತಾನಾಗಿ ಕೂಡಿಡುವ, ಪಾಲಿಯೆಸ್ಟರ್ ವರ್ಗಕ್ಕೆ ಸೇರಿದ ವಸ್ತು. ರಸಾಯನಶಾಸ್ತ್ರದಲ್ಲಿ ಇದರ ಹೆಸರು ಪಾಲಿಹೈಡ್ರಾಕ್ಸಿ ಆಲ್ಕನೋಯೇಟ್, ರೂಢಿಯಲ್ಲಿ ಪಿಎಚ್‌ಎ. ಈ ಕುಟುಂಬದಲ್ಲಿ ಮೊದಲು ಪತ್ತೆಯಾದದ್ದು ಮತ್ತು ಅತಿ ಸರಳವಾದದ್ದು ಪಾಲಿಹೈಡ್ರಾಕ್ಸಿ ಬ್ಯುಟಿರೇಟ್, ಅಂದರೆ ಪಿಎಚ್‌ಬಿ. ಮಾಮೂಲಿ ಪ್ಲಾಸ್ಟಿಕ್ಕಿನಂತೆಯೇ ಇದನ್ನು ಕಾಯಿಸಿ ಕರಗಿಸಿ ಅಚ್ಚಿಗೆ ಹೊಯ್ಯಬಹುದು, ಹಾಳೆಯಾಗಿ ಎಳೆಯಬಹುದು. ಬಳಸಿ ಮಣ್ಣಿಗೆ ಹಾಕಿದರೆ ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಬಿಡುತ್ತವೆ.

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ನೋಡುವುದಕ್ಕೆ ಕಾರಣವಿದೆ. ಬ್ಯಾಕ್ಟೀರಿಯಾಕ್ಕೆ ಬೇಕಾದ ಮೇವು ಸಕ್ಕರೆ ಇಲ್ಲವೇ ಎಣ್ಣೆ, ಎರಡೂ ತೆಂಗಿನಕಾಯಿಯಲ್ಲಿವೆ. ಪ್ಲಾಸ್ಟಿಕ್ ಕೂಡಿಡುವ ಬ್ಯಾಕ್ಟೀರಿಯಾಗಳೂ ಇಲ್ಲಿಗೆ ಹೊಸಬರಲ್ಲ: ಅವುಗಳಲ್ಲಿ ಕೆಲವನ್ನು ಜೈವಿಕ ಗೊಬ್ಬರದ ಹೆಸರಿನಲ್ಲಿ ರೈತರು ತೆಂಗಿನ ಪಾತಿಗೆ ಹಾಕುತ್ತ ಬಂದಿದ್ದಾರೆ. ಪಿಎಚ್‌ಎ ತಯಾರಿಸುವ ಕಾರ್ಖಾನೆ ಮಾತ್ರ ಈ ಮೂರು ತಾಲ್ಲೂಕುಗಳಲ್ಲಿ ಇಲ್ಲ. ಯಾಕಿಲ್ಲ, ಬರುವುದಾದರೆ ಎಲ್ಲಿ ಬರಬಹುದು ಎಂಬ ಪ್ರಶ್ನೆಗಳಿಗೆ ಉತ್ತರ ಜೀವವಿಜ್ಞಾನದಲ್ಲಿ ಅರ್ಧ, ಕಾಯಿಯ ವ್ಯಾಪಾರದಲ್ಲಿ ಇನ್ನರ್ಧ ಇದೆ.

ಜೀವಕೋಶದ ದಾಸ್ತಾನು

ಸಾರಜನಕ ಅಥವಾ ರಂಜಕದ ಕೊರತೆ ಬಿದ್ದಾಗ ಬ್ಯಾಕ್ಟೀರಿಯಾ ಮೈ ಬೆಳೆಸಲಾರದು, ಹೊಸ ಕೋಶಗಳಾಗಿ ಒಡೆಯಲಾರದು. ಆದರೆ ಸುತ್ತ ಸಕ್ಕರೆ ಧಾರಾಳವಾಗಿದ್ದರೆ ಅದನ್ನು ಸುಮ್ಮನೆ ಬಿಡುವುದೂ ಇಲ್ಲ. ಕಾಯಿಗೆ ದರವಿಲ್ಲದಾಗ ಅಟ್ಟಕ್ಕೇರಿಸಿ, ಬೇಕಾದಾಗ ಇಳಿಸಿಕೊಳ್ಳುವ ತೋಟದವರ ಲೆಕ್ಕಾಚಾರವೇ ಇಲ್ಲೂ ನಡೆಯುತ್ತದೆ. ಸಕ್ಕರೆ ಒಡೆದು ಎರಡು ಇಂಗಾಲದ ಅಸಿಟೈಲ್ ಕೋಎ ಆಗುತ್ತದೆ. ಒಂದು ಕಿಣ್ವ ಅಂಥ ಎರಡನ್ನು ಜೋಡಿಸುತ್ತದೆ, ಎರಡನೆಯದು ಅದಕ್ಕೆ ಹೈಡ್ರೋಜನ್ ಸೇರಿಸುತ್ತದೆ, ಮೂರನೆಯದು ಹೀಗೆ ಸಿದ್ಧವಾದ ಕೊಂಡಿಗಳನ್ನು ಸಾವಿರಗಟ್ಟಲೆ ಪೋಣಿಸಿ ಸರಪಳಿ ಮಾಡುತ್ತದೆ. ಈ ಕಿಣ್ವಗಳ ಜೀನ್‌ಗಳಿಗೆ ಫಾ-ಎ, ಫಾ-ಬಿ, ಫಾ-ಸಿ ಎಂದು ಹೆಸರು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಎಂಐಟಿಯಲ್ಲಿ ಆಂಥೊನಿ ಸಿನ್‌ಸ್ಕಿ ಮತ್ತು ಆಲಿವರ್ ಪೀಪಲ್ಸ್ ಇವನ್ನು ಬೇರ್ಪಡಿಸಿದ ಮೇಲೆ, ಪ್ಲಾಸ್ಟಿಕ್ ಮಾಡದ ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕೂ ಈ ಕಸುಬು ಕಲಿಸುವುದು ಸಾಧ್ಯವಾಯಿತು.

ಸರಪಳಿಗಳು ಸುರುಳಿಗೊಂಡು ಕಾಳಿನಾಕಾರದ ಕಣಗಳಾಗಿ ಕೂರುತ್ತವೆ. ಸುಡಾನ್ ಬ್ಲಾಕ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೋಶದೊಳಗೆ ನೀಲಿಗಪ್ಪು ಚುಕ್ಕೆಗಳು ಎದ್ದು ಕಾಣುತ್ತವೆ. ಕಾಲೇಜು ಪ್ರಯೋಗಾಲಯದಲ್ಲೂ ಮಾಡಬಹುದಾದ ಪರೀಕ್ಷೆ ಇದು. ತೋಟದ ಒಂದು ಚಿಟಿಕೆ ಮಣ್ಣು ತಂದು ಬೆಳೆಸಿದರೆ ಚುಕ್ಕೆ ತೋರಿಸುವ ಒಂದಲ್ಲ ಒಂದು ಜೀವಿ ಸಿಗುತ್ತದೆ. ಈ ಕೆಲಸದಲ್ಲಿ ಅತಿ ಹೆಸರುವಾಸಿಯಾದ ಕುಪ್ರಿಯಾವಿಡಸ್ ನೆಕೇಟರ್‌ನಲ್ಲಿ ಒಣತೂಕದ ಶೇಕಡ 80ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಪಿಎಚ್‌ಬಿಯೇ ಇರುತ್ತದೆ. ವರ್ಗೀಕರಣಕಾರರು ಇದರ ಹೆಸರನ್ನು ಎಷ್ಟು ಬಾರಿ ಬದಲಿಸಿದ್ದಾರೆಂದರೆ ಹಳೆಯ ಪುಸ್ತಕಗಳ ಆಲ್ಕಲಿಜೀನಿಸ್ ಯೂಟ್ರೋಫಸ್, ನಡುಗಾಲದ ರಾಲ್ಸ್ಟೋನಿಯಾ ಯೂಟ್ರೋಫಾ ಎಲ್ಲವೂ ಇದೇ ಜೀವಿ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳ ದಾರಿ ಸ್ವಲ್ಪ ಬೇರೆ. ಅವು ಕೊಬ್ಬಿನಾಮ್ಲವನ್ನು ತುದಿಯಿಂದ ಎರಡೆರಡು ಇಂಗಾಲ ಕತ್ತರಿಸುತ್ತ ಬರುತ್ತವೆ. ನಡುವೆ ಸಿಗುವ ತುಂಡುಗಳನ್ನೇ ಸರಪಳಿಗೆ ಸೇರಿಸುತ್ತವೆ. ಸೂಡೋಮೊನಾಸ್ ಜಾತಿಯವು ಹೀಗೆ ಆರರಿಂದ ಹದಿನಾಲ್ಕು ಇಂಗಾಲದ ಕೊಂಡಿಗಳಿರುವ ಮಧ್ಯಮ ಸರಪಳಿಯ ಪಿಎಚ್‌ಎ ತಯಾರಿಸುತ್ತವೆ. ಈ ಬಗೆ ಮೊದಲು ಗೊತ್ತಾದದ್ದು 1983ರಲ್ಲಿ, ನೆದರ್‌ಲೆಂಡ್ಸ್‌ನಲ್ಲಿ. ಪಿಎಚ್‌ಬಿ ಗಡುಸು ಮತ್ತು ಬಿರುಸು. ಸುಮಾರು 175ರಿಂದ 180 ಡಿಗ್ರಿಯಲ್ಲಿ ಕರಗುತ್ತದೆ, ಎಳೆದರೆ ಶೇಕಡ 5ರಷ್ಟು ಹಿಗ್ಗುವುದರೊಳಗೆ ಮುರಿಯುತ್ತದೆ. ಮಧ್ಯಮ ಸರಪಳಿಯದು ರಬ್ಬರಿನ ಜಾತಿ, ಹಿಗ್ಗುತ್ತದೆ, ಆದರೆ 40ರಿಂದ 60 ಡಿಗ್ರಿಗೇ ಮೆತ್ತಗಾಗುತ್ತದೆ. ಒಂದು ಚೀಲಕ್ಕೆ, ಇನ್ನೊಂದು ಬಾಟಲಿಗೆ ಎಂದು ಸಲೀಸಾಗಿ ಹಂಚಲು ಬರುವುದಿಲ್ಲ. ಎರಡರ ಗುಣ ಬೆರೆಸುವುದಕ್ಕೇ ತಯಾರಕರು ದಶಕಗಳನ್ನು ಕಳೆದಿದ್ದಾರೆ.

ಪ್ಯಾರಿಸ್‌ನಿಂದ ಜಪಾನಿನವರೆಗೆ

1926ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮಾರಿಸ್ ಲೆಮ್ವಾನ್ಯ್ ಎಂಬ ವಿಜ್ಞಾನಿ ಬ್ಯಾಸಿಲಸ್ ಮೆಗಾಟೀರಿಯಂ ಬ್ಯಾಕ್ಟೀರಿಯಾದಿಂದ ಪಿಎಚ್‌ಬಿ ಹೊರತೆಗೆದು ವರ್ಣಿಸಿದ. ಅದನ್ನು ಪ್ಲಾಸ್ಟಿಕ್ ಎಂದು ಮಾರುವ ಮೊದಲ ಪ್ರಯತ್ನ 1950ರ ದಶಕದ ಕೊನೆಯಲ್ಲಿ ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿಯದು, ಇಳುವರಿ ಕಡಿಮೆ, ಖರ್ಚು ಹೆಚ್ಚು ಎಂದು ಕೈಬಿಟ್ಟಿತು. 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಬ್ರಿಟನ್ನಿನ ಐಸಿಐ ಮತ್ತೆ ಕೈಹಾಕಿತು. ಬ್ಯಾಕ್ಟೀರಿಯಾಕ್ಕೆ ಸಕ್ಕರೆಯ ಜತೆ ಪ್ರೊಪಿಯೋನಿಕ್ ಆಮ್ಲ ಉಣಿಸಿದರೆ ಸರಪಳಿಯಲ್ಲಿ ವ್ಯಾಲರೇಟ್ ಕೊಂಡಿಗಳೂ ಸೇರಿ ವಸ್ತುವಿನ ಬಿರುಸು ಇಳಿಯುತ್ತದೆ ಎಂದು ಕಂಡುಕೊಂಡು 'ಬಯೋಪಾಲ್' ಹೆಸರಿನಲ್ಲಿ ಮಾರಿತು. 1990ರಲ್ಲಿ ಜರ್ಮನಿಯ ವೆಲ್ಲಾ ಕಂಪನಿಯ ಶ್ಯಾಂಪೂ ಬಾಟಲಿ ಬಯೋಪಾಲ್‌ನಲ್ಲಿ ಬಂತು. ತೈಲದ ಬೆಲೆ ಇಳಿದಾಗ ಬಯೋಪಾಲ್ ಕೈಯಿಂದ ಕೈಗೆ ಹೋಯಿತು: ಐಸಿಐಯಿಂದ ಝೆನೆಕಾ, 1996ರಲ್ಲಿ ಮಾನ್ಸಾಂಟೊ, 2001ರಲ್ಲಿ ಮೆಟಬಾಲಿಕ್ಸ್.

ಮುಂದಿನ ಕಥೆಯೂ ಇದೇ ಧಾಟಿಯದು. ಮೆಟಬಾಲಿಕ್ಸ್ ಕಂಪನಿ ಎಡಿಎಂ ಎಂಬ ಇನ್ನೊಂದು ಕಂಪನಿಯ ಜತೆ ಸೇರಿ ಅಮೆರಿಕದ ಅಯೋವಾದ ಕ್ಲಿಂಟನ್‌ನಲ್ಲಿ ವರ್ಷಕ್ಕೆ 50,000 ಟನ್ ಸಾಮರ್ಥ್ಯದ ಕಾರ್ಖಾನೆ ಕಟ್ಟಿತು. 2012ರಲ್ಲಿ ಎಡಿಎಂ ಪಾಲುದಾರಿಕೆಯಿಂದ ಹೊರನಡೆಯಿತು. ಎಣ್ಣೆಯಿಂದ ಪಿಎಚ್‌ಎ ಮಾಡುತ್ತಿದ್ದ ಅಮೆರಿಕದ ಡ್ಯಾನಿಮರ್ ಸೈಂಟಿಫಿಕ್ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಜಪಾನಿನ ಕನೆಕಾ ಮಾತ್ರ 2019ರಲ್ಲಿ ವರ್ಷಕ್ಕೆ 5,000 ಟನ್ನಿನ ಘಟಕ ತೆರೆದು, ಸಸ್ಯದ ಎಣ್ಣೆ ಉಣಿಸಿದ ಬ್ಯಾಕ್ಟೀರಿಯಾದಿಂದ ಕುಡಿಯುವ ಕೊಳವೆ, ಚೀಲಗಳಿಗೆ ಬೇಕಾದ ಪಿಎಚ್‌ಎ ಬಗೆಯಾದ ಪಿಎಚ್‌ಬಿಎಚ್ ತಯಾರಿಸುತ್ತಿದೆ. ಲಾಭದ ಮಾತಾಡಿದರೆ, ಚೀಲ ಬಾಟಲಿಗಳಿಗಿಂತ ಆಪರೇಷನ್ ಥಿಯೇಟರ್ ಲೇಸು: ಟೆಫಾ ಕಂಪನಿಯ ಪಿಎಚ್‌ಎ ಹೊಲಿಗೆ ದಾರಕ್ಕೆ 2007ರಲ್ಲೇ ಅಮೆರಿಕದ ಔಷಧ ಆಡಳಿತ ಅನುಮತಿ ನೀಡಿದೆ. ಗ್ರಾಂ ಲೆಕ್ಕದಲ್ಲಿ ಮಾರುವ ವಸ್ತುವಿಗೆ ತಯಾರಿಕೆಯ ಖರ್ಚು ತಲೆನೋವಲ್ಲ.

ಇಷ್ಟೆಲ್ಲ ಸೋಲಿಗೆ ಕಾರಣ ಬ್ಯಾಕ್ಟೀರಿಯಾದ ಅಸಾಮರ್ಥ್ಯವಲ್ಲ. ತಯಾರಿಕೆಯ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಅದರ ಮೇವಿನದೇ. ಪಾಲಿಪ್ರೊಪಿಲೀನ್ ಕಿಲೋಗೆ ಒಂದು, ಒಂದೂವರೆ ಡಾಲರಿಗೆ ಸಿಗುವಾಗ ಪಿಎಚ್‌ಎ 4ರಿಂದ 6 ಡಾಲರ್ ಕೇಳುತ್ತದೆ. ಹಾಗಾಗಿ ಅಗ್ಗದ ಮೇವು ಎಲ್ಲಿದೆ ಎಂಬ ಹುಡುಕಾಟವೇ ಈ ಕ್ಷೇತ್ರದ ಅರ್ಧ ಸಂಶೋಧನೆ.

ಮೈಸೂರು ಮತ್ತು ಬೆಂಗಳೂರಿನ ಕೆಲಸ

ಕರ್ನಾಟಕದಲ್ಲಿ ಈ ಹುಡುಕಾಟ ಗಟ್ಟಿಯಾಗಿ ನಡೆದದ್ದು ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ಅಂದರೆ ಸಿಎಫ್‌ಟಿಆರ್‌ಐಯಲ್ಲಿ. ಅಲ್ಲಿನ ಸೂಕ್ಷ್ಮಜೀವಿ ವಿಜ್ಞಾನಿ ಟಿ.ಆರ್. ಶಾಮಲಾ ಮತ್ತು ಸಂಗಡಿಗರು 2000ದ ನಂತರದ ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳ ಸಾಲು ಗಮನಾರ್ಹ. 2003ರಲ್ಲಿ ಅವರು ರೈಜೋಬಿಯಂ ಮೆಲಿಲೋಟಿಯ ಒಂದು ಮಾರ್ಪಟ್ಟ ತಳಿ ಹೆಚ್ಚು ಪಿಎಚ್‌ಎ ಕೂಡಿಡುವುದನ್ನು ತೋರಿಸಿದರು. ಇದು ಕುದುರೆಮಸಾಲೆ ಸೊಪ್ಪಿನ ಬೇರಿನ ಗಂಟುಗಳಲ್ಲಿ ವಾಸಿಸುವ, ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾ. ಅದೇ ವರ್ಷ, ಪಿಎಚ್‌ಎ ತಯಾರಿಸುವ ಬ್ಯಾಸಿಲಸ್‌ಗಳನ್ನು ಪಿಸಿಆರ್ ವಿಧಾನದಿಂದ ಗುರುತಿಸುವ ಬಗೆಯನ್ನೂ ಪ್ರಕಟಿಸಿದರು.

ಅವರ ಕೆಲಸದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಪ್ಲಾಸ್ಟಿಕ್ಕನ್ನು ಹೊರತೆಗೆಯುವ ಭಾಗ. ಕೋಶ ಒಡೆಯದೆ ಪಿಎಚ್‌ಎ ಕೈಗೆ ಬಾರದು; ಪಠ್ಯಪುಸ್ತಕದ ವಿಧಾನ ಕ್ಲೋರೋಫಾರಂನಲ್ಲಿ ಕರಗಿಸಿ ಮೆಥನಾಲ್‌ನಲ್ಲಿ ಗರಣೆ ಕಟ್ಟಿಸುವುದು. ಹಸಿರು ಪ್ಲಾಸ್ಟಿಕ್ ಮಾಡಲು ಡ್ರಂಗಟ್ಟಲೆ ಕ್ಲೋರೋಫಾರಂ ಸುರಿಯುವುದು ವ್ಯಂಗ್ಯವೇ ಸರಿ. ಸಿಎಫ್‌ಟಿಆರ್‌ಐ ತಂಡ ಮೈಕ್ರೋಬಿಸ್ಪೋರಾ ಎಂಬ ಇನ್ನೊಂದು ಸೂಕ್ಷ್ಮಜೀವಿಯ ಕಿಣ್ವದಿಂದ ಕೋಶಗೋಡೆ ಜೀರ್ಣವಾಗುವಂತೆ ಮಾಡಿ ಪಿಎಚ್‌ಎ ಬಿಡಿಸಿಕೊಂಡಿತು. ಬ್ಯಾಸಿಲಸ್ ಫ್ಲೆಕ್ಸಸ್‌ಗೆ ಗಾಮಾ ಕಿರಣ ಹಾಯಿಸಿ ಗೋಡೆ ಸಡಿಲಿಸುವ ಪ್ರಯೋಗವೂ 2009ರಲ್ಲಿ ಪ್ರಕಟವಾಯಿತು. 2012ರ ಪ್ರಬಂಧವೊಂದು ಗೋಧಿ ಬೂಸಾ, ಅಕ್ಕಿ ತೌಡುಗಳ ಮೇಲೆ ಬ್ಯಾಸಿಲಸ್ ಸಿಎಫ್‌ಆರ್-67 ಬೆಳೆಸಿ, ಒಂದೇ ತೊಟ್ಟಿಯಲ್ಲಿ ಪಿಎಚ್‌ಎ ಮತ್ತು ಅಮೈಲೇಸ್ ಕಿಣ್ವ ಎರಡನ್ನೂ ಪಡೆದದ್ದನ್ನು ವಿವರಿಸುತ್ತದೆ. ಕಿಣ್ವ ಮಾರಿ ಪ್ಲಾಸ್ಟಿಕ್ಕಿನ ಖರ್ಚು ತಗ್ಗಿಸುವ ಈ ಯೋಚನೆ ಸಣ್ಣ ಘಟಕಗಳಿಗೆ ಒಪ್ಪುವಂಥದು.

ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ಶ್ರೀವಿದ್ಯಾ ಶಿವಕುಮಾರ್ ಮತ್ತು ಸಂಗಡಿಗರು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಹಿಡಿದರು. ಬಿಟಿ ಎಂದು ಹತ್ತಿಯ ರೈತರಿಗೆಲ್ಲ ಗೊತ್ತಿರುವ ಜೀವಿಯೇ ಇದು. 2014ರಲ್ಲಿ ಅವರು ಭತ್ತದ ಹೊಟ್ಟು, ರಾಗಿ ಹೊಟ್ಟು, ಜೋಳದ ಹೊಟ್ಟು, ಹಲಸಿನ ಬೀಜದ ಪುಡಿ, ಆಲೂಗಡ್ಡೆ ಸಿಪ್ಪೆ, ಮಾವಿನ ಸಿಪ್ಪೆ ಮೊದಲಾದವನ್ನು ಮೇವಾಗಿ ಹೋಲಿಸಿ ನೋಡಿದಾಗ ಗೆದ್ದದ್ದು ಮಾವಿನ ಸಿಪ್ಪೆ. ನಮ್ಮ ಹಿತ್ತಲ ಕಸದ ಪಟ್ಟಿಯಂತಿರುವ ಆ ಸಾಲಿನಲ್ಲಿ ತೆಂಗು ಇರಲಿಲ್ಲ.

ಕಾಯಿಯ ಯಾವ ಭಾಗ ಮೇವಾಗಬಹುದು

ತಿಪಟೂರಿನ ಕೊಬ್ಬರಿ ವ್ಯವಹಾರ ತಿಳಿಯದವರು ಮೊದಲು ಕೇಳುವುದು ತೆಂಗಿನ ನೀರಿನ ಬಗ್ಗೆ: ಇಷ್ಟೊಂದು ಕಾಯಿ ಬೆಳೆಯುವ ಕಡೆ ನೀರು ಎಷ್ಟು ಪೋಲಾಗುತ್ತಿರಬೇಕು ಎಂದು. ಉಂಡೆ ಕೊಬ್ಬರಿಯಲ್ಲಿ ನೀರು ಪೋಲಾಗುವ ಪ್ರಶ್ನೆಯೇ ಇಲ್ಲ. ಹನ್ನೊಂದು ಹನ್ನೆರಡು ತಿಂಗಳು ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಎಂಟು ತಿಂಗಳಿಂದ ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿಹೋಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಒಳಗೆ ಉಂಡೆ ಲೊಡಲೊಡ ಎಂದರೆ ಇಳಿಸುವ ಹದ. ಮಟ್ಟೆ ಸುಲಿದು, ಕೊಬ್ಬರಿ ಒಡೆಯದ ಹಾಗೆ ಚಿಪ್ಪು ಬಿಡಿಸುವುದು ನುರಿತ ಕೈಗಳ ಕೆಲಸ. ಹಾಗೆ ಬಂದ ಉಂಡೆ ಉತ್ತರ ಭಾರತದ ಮದುವೆ, ಪೂಜೆ, ಒಣಹಣ್ಣಿನ ಅಂಗಡಿಗಳಿಗೆ ಹೋಗುತ್ತದೆ. ತಿಪಟೂರು ಎಪಿಎಂಸಿ ಈ ಸರಕಿಗೆ ದೇಶದಲ್ಲೇ ದೊಡ್ಡ ಮಾರುಕಟ್ಟೆಗಳಲ್ಲೊಂದು. ಇಲ್ಲಿನ ದರ ನೋಡಿಯೇ ಅರಸೀಕೆರೆ, ಚನ್ನರಾಯಪಟ್ಟಣದ ತೋಟದವರೂ ಲೆಕ್ಕ ಹಾಕುತ್ತಾರೆ. ಇದಕ್ಕೆಂದೇ ತಿಪಟೂರು ಎತ್ತರದ ತಳಿಯಿಂದ ಆರಿಸಿದ 'ಕಲ್ಪತರು' ಎಂಬ ತಳಿಯೂ ಬಿಡುಗಡೆಯಾಗಿದೆ.

ನೀರು ಸಿಗುವುದು ಇನ್ನೊಂದು ಕಡೆ. ತಿಪಟೂರಿನ ಸುತ್ತಮುತ್ತ ತೆಂಗಿನ ತಿರುಳನ್ನು ತುರಿದು ಒಣಗಿಸಿ ಪುಡಿ ಮಾಡುವ ಘಟಕಗಳಿವೆ. ಊರಿನವರ ಬಾಯಲ್ಲಿ ಇವು ಪೌಡರ್ ಫ್ಯಾಕ್ಟರಿ. ಬಿಸ್ಕತ್ತು, ಸಿಹಿತಿಂಡಿ, ಚಾಕೊಲೇಟಿಗೆ ಹೋಗುವ ಪುಡಿ ಇದು. ಇಲ್ಲಿಗೆ ಬರುವುದು ಹಸಿ ಕಾಯಿ. ಚಿಪ್ಪು ಕೆತ್ತಿ, ತಿರುಳಿನ ಕಂದು ಸಿಪ್ಪೆ ಹೆರೆದು, ಬಿಳಿ ತಿರುಳನ್ನು ಒಡೆದು ತೊಳೆಯುತ್ತಾರೆ. ಒಡೆದಾಗ ಸುರಿಯುವ ನೀರು, ತೊಳೆದ ನೀರು, ಅದರ ಮೇಲೆ ತೇಲುವ ಜಿಡ್ಡು, ಹೆರೆದ ಸಿಪ್ಪೆ: ಬ್ಯಾಕ್ಟೀರಿಯಾದ ಕಣ್ಣಿನಿಂದ ನೋಡಿದರೆ ಇಡೀ ಸೀಮೆಯಲ್ಲಿ ಊಟ ಬಡಿಸಿದ ಎಲೆ ಇದೊಂದೇ.

ಲೆಕ್ಕ ಹಾಕಿ ನೋಡೋಣ. ಬಲಿತ ಕಾಯಿಯೊಂದರಲ್ಲಿ 100 ಮಿಲಿಲೀಟರ್ ನೀರು ಎಂದು ಹಿಡಿದರೆ ಒಂದು ಲಕ್ಷ ಕಾಯಿಗೆ 10,000 ಲೀಟರ್. ಬಲಿತ ಕಾಯಿಯ ನೀರಿನಲ್ಲಿ ಸಕ್ಕರೆ ಎಳನೀರಿಗಿಂತ ಕಡಿಮೆ. ಶೇಕಡ ಎರಡು, ಎರಡೂವರೆ ಎನ್ನೋಣ. ಅಲ್ಲಿಗೆ 200ರಿಂದ 250 ಕಿಲೋ ಸಕ್ಕರೆ. ಬ್ಯಾಕ್ಟೀರಿಯಾ ಮೂರು ಕಿಲೋ ಸಕ್ಕರೆ ತಿಂದು ಸುಮಾರು ಒಂದು ಕಿಲೋ ಪಿಎಚ್‌ಬಿ ಕೊಡುತ್ತದೆ. ಕಿಲೋ ಸಕ್ಕರೆಗೆ 480 ಗ್ರಾಂ ಎಂಬುದು ರಸಾಯನಶಾಸ್ತ್ರ ಹಾಕಿದ ಮೇಲ್ಮಿತಿ, ಅದನ್ನು ತೊಟ್ಟಿಯಲ್ಲಿ ಯಾರೂ ಮುಟ್ಟುವುದಿಲ್ಲ. ಒಂದು ಲಕ್ಷ ಕಾಯಿಯ ನೀರಿಗೆ ಹೆಚ್ಚೆಂದರೆ 70, 80 ಕಿಲೋ ಪ್ಲಾಸ್ಟಿಕ್. ಕಿಲೋಗೆ 400 ರೂಪಾಯಿ ಹಿಡಿದರೂ 30,000 ರೂಪಾಯಿಯ ಸುತ್ತಮುತ್ತ. ಅದರಲ್ಲೇ ಕುದಿಸಿ ಶುದ್ಧಿ ಮಾಡುವ ಉರುವಲು, ಎರಡು ದಿನ ಗಾಳಿ ಊದುವ ಕರೆಂಟು, ಕೋಶ ಬೇರ್ಪಡಿಸುವ ಯಂತ್ರದ ಖರ್ಚು ಕಳೆಯಬೇಕು.

ತೆಂಗಿನ ನೀರಿಗೆ ಇನ್ನೊಂದು ತೊಡಕೂ ಇದೆ. ಅದು ಗಂಟೆಗಳ ಲೆಕ್ಕದಲ್ಲಿ ಹುಳಿಯುತ್ತದೆ. ಬೆಳಿಗ್ಗೆ ಒಡೆದ ಕಾಯಿಯ ನೀರು ತುರುವೇಕೆರೆಯಿಂದ ತಿಪಟೂರಿನ ಕೇಂದ್ರ ಘಟಕಕ್ಕೆ ಟ್ಯಾಂಕರಿನಲ್ಲಿ ಮಧ್ಯಾಹ್ನ ಬರುವಷ್ಟರಲ್ಲಿ ಗಾಳಿಯ ಯೀಸ್ಟು, ಹುಳಿ ಬ್ಯಾಕ್ಟೀರಿಯಾಗಳು ಪಂಕ್ತಿಗೆ ಕುಳಿತಾಗಿರುತ್ತದೆ. ಆದ್ದರಿಂದ ನೀರನ್ನು ಸಾಗಿಸುವ ಯೋಜನೆಗಳಿಗಿಂತ, ಒಡೆದ ಜಾಗದಲ್ಲೇ ಪೊರೆಯಲ್ಲಿ ಸೋಸಿ ಗಟ್ಟಿ ಮಾಡಿಕೊಳ್ಳುವ ವಿಧಾನ ಕಾರ್ಯಸಾಧ್ಯ. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ಮರೆಯಬಾರದು: ಸಕ್ಕರೆ, ಜಿಡ್ಡು ತುಂಬಿದ ಈ ನೀರು ಹಾಗೇ ಹಳ್ಳ ಸೇರಿದರೆ ಕೊಳೆತು ನಾರುತ್ತದೆ, ನೀರಿನ ಆಮ್ಲಜನಕ ಹೀರುತ್ತದೆ. ಅದನ್ನು ಶುದ್ಧೀಕರಿಸುವುದು ಕಾನೂನಿನ ಪ್ರಕಾರ ಘಟಕದ ಹೊಣೆ, ಆ ಖರ್ಚು ಹೇಗೂ ಇದೆ. ಶುದ್ಧೀಕರಣದ ಖರ್ಚಿನಲ್ಲಿ ಒಂದು ಪಾಲು ಉಳಿಸಿಕೊಡುವ ಕೆಲಸವೆಂದು ನೋಡಿದರೆ 80 ಕಿಲೋ ಪ್ಲಾಸ್ಟಿಕ್ಕು ಅಷ್ಟು ಬಡಕಲಾಗಿ ಕಾಣುವುದಿಲ್ಲ.

ಎಣ್ಣೆಯ ಲೆಕ್ಕ ಕಾಗದದ ಮೇಲೆ ಬಹಳ ಚೆನ್ನ. ಒಂದು ಕಿಲೋ ಎಣ್ಣೆಗೆ 600ರಿಂದ 800 ಗ್ರಾಂ ಪಿಎಚ್‌ಎ, ಅಂದರೆ ಸಕ್ಕರೆಯ ಎರಡರಷ್ಟು. ತೆಂಗಿನೆಣ್ಣೆಯ ಸುಮಾರು ಅರ್ಧದಷ್ಟು ಹನ್ನೆರಡು ಇಂಗಾಲದ ಲಾರಿಕ್ ಆಮ್ಲ; ಎರಡೆರಡು ಇಂಗಾಲ ಕತ್ತರಿಸುವ ಸೂಡೋಮೊನಾಸ್‌ಗೆ ಹತ್ತು ಮತ್ತು ಎಂಟು ಇಂಗಾಲದ ಕೊಂಡಿಗಳು ಇದರಿಂದ ಸಲೀಸಾಗಿ ಸಿಗುತ್ತವೆ. 1998ರಲ್ಲೇ ಅಮೆರಿಕದ ಕೃಷಿ ಇಲಾಖೆಯ ರಿಚರ್ಡ್ ಆಶ್ಬಿ ಮತ್ತು ಥಾಮಸ್ ಫೋಲ್ಯಾ ಸೂಡೋಮೊನಾಸ್ ರೆಸಿನೊವೊರಾನ್ಸ್‌ಗೆ ಹಂದಿ ಕೊಬ್ಬು, ಬೆಣ್ಣೆ, ಸೋಯಾ ಎಣ್ಣೆಗಳ ಜತೆ ತೆಂಗಿನೆಣ್ಣೆಯನ್ನೂ ಉಣಿಸಿ ಪಿಎಚ್‌ಎ ತೆಗೆದಿದ್ದರು. 2005ರಲ್ಲಿ ಗುಜರಾತಿನ ಸಂಶೋಧಕರು ಕೊಮಮೊನಾಸ್ ಟೆಸ್ಟೊಸ್ಟೆರೋನಿ ಎಂಬ ಬ್ಯಾಕ್ಟೀರಿಯಾಕ್ಕೆ ಹರಳು, ಕಡಲೆಕಾಯಿ, ಸಾಸಿವೆ, ಎಳ್ಳು, ತೆಂಗಿನ ಎಣ್ಣೆಗಳನ್ನು ಕೊಟ್ಟು ನೋಡಿದಾಗ ಎಲ್ಲವೂ ಮೇವಾದವು. ಸೋಯಾ, ಸೂರ್ಯಕಾಂತಿ ಎಣ್ಣೆಯಿಂದ ಬಂದದ್ದು ಅಂಟಂಟಾಗಿ ಮೆತ್ತಗಿರುತ್ತದೆ. ತೆಂಗಿನೆಣ್ಣೆಯಲ್ಲಿ ಶೇಕಡ 90ರಷ್ಟು ಪರ್ಯಾಪ್ತ ಕೊಬ್ಬಿರುವ ಕಾರಣ ಅದರದು ಕೊಂಚ ಗಟ್ಟಿ ಗುಣದ್ದು.

ಎಡವುವುದು ಬೆಲೆಯಲ್ಲಿ. 2025ರಲ್ಲಿ ಕೊಬ್ಬರಿ ಎಣ್ಣೆ ಕಿಲೋಗೆ 300 ರೂಪಾಯಿ ದಾಟಿತ್ತು. ತಿನ್ನುವ ಎಣ್ಣೆಯನ್ನು ಆ ಬೆಲೆಗೆ ಕೊಂಡು ಬ್ಯಾಕ್ಟೀರಿಯಾಕ್ಕೆ ಸುರಿದು 400 ರೂಪಾಯಿಯ ಪ್ಲಾಸ್ಟಿಕ್ ಮಾಡುವ ವ್ಯಾಪಾರಿ ತಿಪಟೂರಿನಲ್ಲಿ ಹುಟ್ಟಿಲ್ಲ, ಹುಟ್ಟುವುದೂ ಬೇಡ. ಪೌಡರ್ ಫ್ಯಾಕ್ಟರಿಯ ಹೆರೆದ ಸಿಪ್ಪೆಯಿಂದ ತೆಗೆದ ಎಣ್ಣೆ ಅಗ್ಗ, ಆದರೆ ಅದಕ್ಕೆ ಸಾಬೂನಿನವರು ಕಾದಿದ್ದಾರೆ. ಉಳಿಯುವುದು ಯಾರಿಗೂ ಬೇಡವಾದ ಎಣ್ಣೆ: ತೊಳೆದ ನೀರಿನ ಮೇಲಿನ ಜಿಡ್ಡು, ಮುಗ್ಗಿದ ಮತ್ತು ಬೂಸಲು ಹಿಡಿದ ಕೊಬ್ಬರಿಯ ಎಣ್ಣೆ. ಕೊಬ್ಬರಿಯ ತೇವ ಹೆಚ್ಚಾದರೆ ಆಸ್ಪರ್ಜಿಲಸ್ ಬೂಸಲು ಬರುತ್ತದೆ, ಅದರ ವಿಷ ಸೇರಿದ ಕೊಬ್ಬರಿ ತಿನ್ನಲು ಬಾರದು. ಎಣ್ಣೆ ಕಮಟಾಗಿ ಬಿಡಿ ಕೊಬ್ಬಿನಾಮ್ಲ ಏರಿದರೆ ಮನುಷ್ಯನಿಗೆ ದೋಷ, ಬ್ಯಾಕ್ಟೀರಿಯಾಕ್ಕೆ ಅರ್ಧ ಜೀರ್ಣವಾದ ಊಟ.

ಮೇವಿನ ದರ ವರ್ಷದಿಂದ ವರ್ಷಕ್ಕೆ ಎಷ್ಟು ಕುಣಿಯುತ್ತದೆ ಎಂಬುದನ್ನು ಉಂಡೆ ಕೊಬ್ಬರಿಯೇ ಹೇಳುತ್ತದೆ. 2023ರ ಹಂಗಾಮಿಗೆ ಕೇಂದ್ರ ಸರಕಾರ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಕೆಳಗೆ ಕುಸಿದು ರೈತರು ಬೀದಿಗಿಳಿದರು. 2025ರ ಬೆಂಬಲ ಬೆಲೆ 12,100. ಆ ವರ್ಷ ಮಾರುಕಟ್ಟೆ ದರ 20,000 ದಾಟಿ ಹೋಯಿತು. ಎರಡು ವರ್ಷದಲ್ಲಿ ದುಪ್ಪಟ್ಟಾಗುವ ಕಚ್ಚಾ ಸರಕನ್ನು ನಂಬಿ ಯಾವ ಪ್ಲಾಸ್ಟಿಕ್ ಕಾರ್ಖಾನೆಯೂ ಹತ್ತು ವರ್ಷದ ಸಾಲ ತೆಗೆಯಲಾರದು.

ಮಿಕ್ಕ ಭಾಗಗಳನ್ನು ಬೇಗ ಮುಗಿಸಬಹುದು. ಮಟ್ಟೆಯ ನಾರಿಗೆ ಹಗ್ಗ, ಚಾಪೆಯವರಿದ್ದಾರೆ; ನಾರು ತೆಗೆದು ಉಳಿದ ಪುಡಿ ಗಿಡ ಬೆಳೆಸುವ ಇಟ್ಟಿಗೆಯಾಗಿ ಹಡಗು ಹತ್ತುತ್ತದೆ. ಆ ಪುಡಿಯಲ್ಲಿ ಲಿಗ್ನಿನ್ ಜಾಸ್ತಿ, ಒಡೆಯುವುದು ಕಷ್ಟ. ಸೂಡೋಮೊನಾಸ್ ಪುಟಿಡಾ ಲಿಗ್ನಿನ್ ಚೂರುಗಳಿಂದಲೂ ಪಿಎಚ್‌ಎ ಮಾಡುವುದನ್ನು 2014ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ತೋರಿಸಿತಾದರೂ ಅದು ಪ್ರಯೋಗಾಲಯದ ಮಾತು. ಚಿಪ್ಪು ಇದ್ದಿಲಾಗುತ್ತದೆ. ಹಿಂಡಿ ದನಕ್ಕೆ. ನೀರಾದಲ್ಲಿ ಶೇಕಡ 15ರ ಹತ್ತಿರ ಸಕ್ಕರೆ ಇದ್ದರೂ ಮರ ಹತ್ತಿ ಇಳಿಸುವ ಕೂಲಿಗೆ ಬ್ಯಾಕ್ಟೀರಿಯಾ ಬೆಲೆ ಕಟ್ಟಲಾರದು.

ಪಾತಿಯಲ್ಲಿರುವ ಬ್ಯಾಕ್ಟೀರಿಯಾ

ಲೆಮ್ವಾನ್ಯ್ ಪ್ಯಾರಿಸ್ಸಿನಲ್ಲಿ ಪ್ಲಾಸ್ಟಿಕ್ ಕಂಡದ್ದು ಬ್ಯಾಸಿಲಸ್ ಮೆಗಾಟೀರಿಯಂನಲ್ಲಿ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ತೆಂಗಿನ ಸಸಿಗಳ ಬೆಳವಣಿಗೆಗೆಂದು ಬಿಡುಗಡೆ ಮಾಡಿದ 'ಕೇರ ಪ್ರೊಬಯೋ' ಪುಡಿಯಲ್ಲಿರುವುದೂ ಬ್ಯಾಸಿಲಸ್ ಮೆಗಾಟೀರಿಯಂ. ಅದೇ ಸಂಸ್ಥೆ ಕೋಕೋ ಗಿಡಕ್ಕೆ ಕೊಡುವ ಪುಡಿಯಲ್ಲಿ ಸೂಡೋಮೊನಾಸ್ ಪುಟಿಡಾ ಇದೆ. ಎಣ್ಣೆಯಿಂದ ರಬ್ಬರಿನಂಥ ಪಿಎಚ್‌ಎ ಮಾಡುವವರ ಪೈಕಿ ಅತಿ ಹೆಚ್ಚು ಅಧ್ಯಯನಕ್ಕೊಳಗಾದ ಜೀವಿ ಅದು. ತೆಂಗಿನ ಪಾತಿಗೆ ಕೊಟ್ಟಿಗೆ ಗೊಬ್ಬರದ ಜತೆ ಹಾಕುವ ಅಜೋಸ್ಪಿರಿಲಮ್, ಅಜೋಟೊಬ್ಯಾಕ್ಟರ್‌ಗಳೂ ಪಿಎಚ್‌ಬಿ ಕೂಡಿಡುತ್ತವೆ. ಬೇರಿನ ಹೊರಗೆ ಬರಗಾಲ ಬಿದ್ದಾಗ ಆ ದಾಸ್ತಾನು ಅವುಗಳನ್ನು ಬದುಕಿಸುತ್ತದೆ. ಜೈವಿಕ ಗೊಬ್ಬರ ಚೀಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುವುದಕ್ಕೂ ಇದು ನೆರವಾಗುತ್ತದೆ.

ಇದರಿಂದ ತೋಟದಲ್ಲೇ ಪ್ಲಾಸ್ಟಿಕ್ ಬೆಳೆಯಬಹುದು ಎಂದಲ್ಲ. ತಾಲ್ಲೂಕು ಮಟ್ಟದಲ್ಲಿ ಈ ಜೀವಿಗಳನ್ನು ಬೆಳೆಸಿ ಪುಡಿಗೆ ಬೆರೆಸುವ ತೊಟ್ಟಿಗಳು, ಅದನ್ನು ನಡೆಸಬಲ್ಲ ಹುಡುಗ ಹುಡುಗಿಯರು, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ನಮ್ಮಲ್ಲಿವೆ ಎಂಬುದು ಮುಖ್ಯ. ಪಿಎಚ್‌ಎ ಹುದುಗುವಿಕೆಗೆ ಬೇಕಾದ ಕೈಗಾರಿಕೆಯ ಮೊದಲ ಮೆಟ್ಟಿಲು ಜೈವಿಕ ಗೊಬ್ಬರದ ಘಟಕವೇ.

ಹಾಳೆ ಕಟ್ಟುವ ಇನ್ನೊಂದು ಬ್ಯಾಕ್ಟೀರಿಯಾ

ತೆಂಗಿನ ನೀರಿಗೆ ಈಗಾಗಲೇ ಒಲಿದಿರುವ ಬ್ಯಾಕ್ಟೀರಿಯಾ ಪಿಎಚ್‌ಎಯದಲ್ಲ. ಕೊಮಗಟಾಯಿಬ್ಯಾಕ್ಟರ್ ಜೈಲಿನಸ್ ಎಂಬುದು ಸಕ್ಕರೆ ತಿಂದು ನೀರಿನ ಮೇಲೆ ಶುದ್ಧ ಸೆಲ್ಯುಲೋಸಿನ ದಪ್ಪ ಕೆನೆ ಕಟ್ಟುತ್ತದೆ. ಫಿಲಿಪ್ಪೀನ್ಸಿನಲ್ಲಿ ಇದನ್ನೇ ತುಂಡರಿಸಿ ನಾಟಾ ದೆ ಕೊಕೊ ಎಂಬ ಸಿಹಿಯಾಗಿ ತಿನ್ನುತ್ತಾರೆ. ಕೇರಳದಲ್ಲಿ ನೆಲೆಯೂರಿದ ಮಲೈ ಎಂಬ ಸಂಸ್ಥೆ ತೆಂಗಿನ ಘಟಕಗಳ ನೀರಿನಲ್ಲಿ ಈ ಕೆನೆ ಬೆಳೆಸಿ, ಸಸ್ಯದ ನಾರು ಬೆರೆಸಿ, ಚರ್ಮದಂಥ ಹಾಳೆ ಮಾಡಿ ಕೈಚೀಲ, ಪರ್ಸುಗಳಿಗೆ ಒದಗಿಸುತ್ತದೆ. ಇದು ಪ್ಲಾಸ್ಟಿಕ್ಕಲ್ಲ, ಕಾಯಿಸಿದರೆ ಕರಗದು, ಅಚ್ಚಿಗೆ ಬಾರದು. ಆದರೆ ಗಾಳಿ ಊದುವ ಯಂತ್ರ ಬೇಡ, ತಟ್ಟೆಯಲ್ಲಿ ಸುಮ್ಮನೆ ಇಟ್ಟರೆ ಬೆಳೆಯುತ್ತದೆ, ಹೊರತೆಗೆಯಲು ಕ್ಲೋರೋಫಾರಂ ಬೇಡ. ಸಣ್ಣ ಬಂಡವಾಳದವರು ತೆಂಗಿನ ಸೀಮೆಯಲ್ಲಿ ಇಂದೇ ಏನಾದರೂ ಶುರು ಮಾಡುವುದಾದರೆ ಪಿಎಚ್‌ಎಗಿಂತ ಇದು ವಾಸಿ.

ಬ್ಯಾಕ್ಟೀರಿಯಾ ಮೂಲದ್ದೆಂದು ಹೇಳುವ ಮೂರನೆಯ ವಸ್ತು ಪಾಲಿಲ್ಯಾಕ್ಟಿಕ್ ಆಮ್ಲ, ಅಂದರೆ ಪಿಎಲ್‌ಎ. ಇದರಲ್ಲಿ ಬ್ಯಾಕ್ಟೀರಿಯಾ ತಯಾರಿಸುವುದು ಲ್ಯಾಕ್ಟಿಕ್ ಆಮ್ಲ ಮಾತ್ರ, ಸರಪಳಿ ಕಟ್ಟುವುದು ಕಾರ್ಖಾನೆಯ ರಸಾಯನ. ಭಾರತದಲ್ಲಿ ಸಕ್ಕರೆ ಉದ್ಯಮ ಇದರ ಕಡೆ ಹೊರಳಿದೆ. ಪುಣೆಯ ಪ್ರಾಜ್ ಇಂಡಸ್ಟ್ರೀಸ್ 2024ರಲ್ಲಿ ಜೇಜುರಿಯಲ್ಲಿ ಪ್ರಾತ್ಯಕ್ಷಿಕೆ ಘಟಕ ತೆರೆಯಿತು. ಪಿಎಲ್‌ಎ ಪೂರ್ತಿ ಕೊಳೆಯಲು ಸುಮಾರು 58 ಡಿಗ್ರಿಯ ಕಾಂಪೋಸ್ಟ್ ಗುಂಡಿ ಬೇಕು. ತೋಟದ ಮಣ್ಣಲ್ಲಿ ಅದು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಪಿಎಚ್‌ಎ ಹಾಗಲ್ಲ. ಅದನ್ನು ಒಡೆಯುವ ಕಿಣ್ವವನ್ನು ಹೊರಸೂಸುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಸಾಮಾನ್ಯ ಮಣ್ಣಲ್ಲೂ ಸಮುದ್ರದಲ್ಲೂ ಇವೆ. ಹಾಳೆಯ ದಪ್ಪ, ತೇವ, ಬಿಸಿಲಿನ ಮೇಲೆ ಕೊಳೆಯುವ ಕಾಲ ಹೆಚ್ಚುಕಡಿಮೆ ಆಗುತ್ತದೆ.

ಬಳಕೆ ಮತ್ತು ಕಾನೂನು

ತೆಂಗಿನ ಸೀಮೆಯಲ್ಲಿ ಇದರ ಸರಿಯಾದ ಜಾಗ ಅಂಗಡಿಯ ಕೈಚೀಲ ಅಲ್ಲ, ಸಸಿಯ ಚೀಲ ಎಂಬುದು ನನ್ನ ಎಣಿಕೆ. ನರ್ಸರಿಯಿಂದ ತಂದ ತೆಂಗು, ಅಡಿಕೆ ಸಸಿಯ ಕರಿ ಪಾಲಿಥೀನ್ ಚೀಲವನ್ನು ಗುಂಡಿಯ ಬದಿಯಲ್ಲಿ ಹರಿದು ಬಿಸಾಡುತ್ತೇವೆ. ಉಳುಮೆ ಮಾಡಿದಾಗ ಅದರ ಚೂರುಗಳು ಏಳುತ್ತಲೇ ಇರುತ್ತವೆ. ಪಿಎಚ್‌ಎ ಚೀಲವಾದರೆ ಸಸಿಯ ಜತೆಗೇ ಹೂಳಬಹುದು, ಬೇರು ಅಲುಗುವುದಿಲ್ಲ. ಚೀಲ ಬಿರುಸಾಗಿದ್ದರೂ ನಡೆಯುತ್ತದೆ, ಪಾರದರ್ಶಕವಾಗಿರಬೇಕಿಲ್ಲ, ಒಂದು ಮಳೆಗಾಲ ತಡೆದರೆ ಸಾಕು. ಹುದುಗಿಸಿದ ಪಿಎಚ್‌ಬಿಯನ್ನು ಪೂರ್ತಿ ಶುದ್ಧ ಮಾಡದೆ ಒಣ ಕೋಶಗಳ ಜತೆಗೇ ಅಚ್ಚು ಹೊಯ್ದರೂ ಇಂಥ ಕೆಲಸಕ್ಕೆ ಅಡ್ಡಿಯಿಲ್ಲ, ಕೋಶದ ಸಾರಜನಕ ಸಸಿಗೇ ಗೊಬ್ಬರ. ದುಬಾರಿ ಶುದ್ಧೀಕರಣವನ್ನೇ ತಪ್ಪಿಸುವ ಇಂಥ ಬಳಕೆಗಳಲ್ಲಿ ಮಾತ್ರ ಲಕ್ಷ ಕಾಯಿಗೆ 80 ಕಿಲೋ ಎಂಬ ಲೆಕ್ಕ ತಾಳೆಯಾಗುತ್ತದೆ.

ಕರ್ನಾಟಕ ಸರಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮೊದಲಾದವನ್ನು ನಿಷೇಧಿಸಿತು. ದೇಶಾದ್ಯಂತ ಗುರುತಿಸಿದ ಏಕಬಳಕೆಯ ವಸ್ತುಗಳ ನಿಷೇಧ 2022ರ ಜುಲೈ 1ರಿಂದ, 120 ಮೈಕ್ರಾನಿಗಿಂತ ತೆಳುವಾದ ಕೈಚೀಲಗಳ ನಿಷೇಧ ಅದೇ ವರ್ಷದ ಡಿಸೆಂಬರ್ 31ರಿಂದ ಜಾರಿಗೆ ಬಂತು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿನ ಚೀಲಕ್ಕೆ ದಪ್ಪದ ಈ ಮಿತಿ ಅನ್ವಯಿಸುವುದಿಲ್ಲ, ಆದರೆ ಅದು ಐಎಸ್/ಐಎಸ್‌ಒ 17088 ಮಾನಕಕ್ಕೆ ಸರಿಹೊಂದಬೇಕು, ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. 2024ರ ಮಾರ್ಚ್‌ನ ತಿದ್ದುಪಡಿ ಇನ್ನೊಂದು ಷರತ್ತು ಸೇರಿಸಿತು: ಜೈವಿಕವಾಗಿ ಕೊಳೆಯುವುದೆಂದು ಹೇಳಿಕೊಳ್ಳುವ ಪ್ಲಾಸ್ಟಿಕ್ ಸೂಕ್ಷ್ಮ ಪ್ಲಾಸ್ಟಿಕ್ ಚೂರುಗಳನ್ನು ಉಳಿಸಬಾರದು. ಪಾಲಿಥೀನಿಗೆ ಒಂದಿಷ್ಟು ರಾಸಾಯನಿಕ ಬೆರೆಸಿ ಬೇಗ ಪುಡಿಯಾಗುವಂತೆ ಮಾಡಿ ಹಸಿರು ಎಲೆಯ ಚಿತ್ರ ಅಚ್ಚು ಹಾಕುವವರಿಗೆ ಹಾಕಿದ ಕಡಿವಾಣ ಇದು.

ಹಾಗಾಗಿ ಸಂತೆಯಲ್ಲೋ ಬೇಕರಿಯಲ್ಲೋ 'ಮಣ್ಣಲ್ಲಿ ಕೊಳೆಯುವ ಚೀಲ' ಎಂದು ಯಾರಾದರೂ ಕೈಗಿತ್ತರೆ ಚಿತ್ರ ನೋಡಿ ನಂಬಬೇಡಿ. 'ಕಾಂಪೋಸ್ಟಬಲ್' ಎಂಬ ಮುದ್ರೆ, ತಯಾರಕರ ಹೆಸರು ಮತ್ತು ಪ್ರಮಾಣಪತ್ರದ ಸಂಖ್ಯೆ ಚೀಲದ ಮೇಲಿದೆಯೇ ಎಂದು ತಿರುಗಿಸಿ ನೋಡಿ. ಇಲ್ಲದಿದ್ದರೆ ಅದನ್ನು ಮಾಮೂಲಿ ಪ್ಲಾಸ್ಟಿಕ್ ಎಂದೇ ತಿಳಿದು ಒಣಕಸಕ್ಕೆ ಹಾಕಿ, ತೋಟಕ್ಕೆ ಬಿಸಾಡಬೇಡಿ.